ಗೋಡೆ ಒಣಗುವವರೆಗೆ

ಮೊದಮೊದಲು ನಾನು ಚಿತ್ರೀಕರಿಸಿದ್ದೆಲ್ಲ ತೂತುಗಳು. ಧರಣಿಯ ಶಾಮಿಯಾನಕ್ಕೆ ಗೂಟ ಹೊಡೆದು ರಸ್ತೆಯ ಅಂಚಿನಲ್ಲಿ ಉಳಿದ ತೂತು, ಬ್ಯಾನರ್ ಕಟ್ಟಲು ಮರಕ್ಕೆ ಬಡಿದಿದ್ದ ಮೊಳೆಯ ತೂತು, ಕಲ್ಲು ಬಿದ್ದ ಕಿಟಕಿಯ ತೂತು. ಅವು ಬೇಸರವಾದಾಗ ಟೈರು ಸುಟ್ಟ ಕಡೆ ಡಾಂಬರು ಕರಗಿ ಮತ್ತೆ ಗಟ್ಟಿಯಾದ ಕಪ್ಪು ಉಂಗುರಗಳು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಗೆಳೆಯರು ಸೇರಿ ಶಿವಮೊಗ್ಗದಲ್ಲಿ ಒಂದು ಕಲಾ ಪ್ರದರ್ಶನ ಮಾಡುವುದೆಂದು ತೀರ್ಮಾನವಾಗಿತ್ತು. ಉಳಿದವರು ಕ್ಯಾನ್ವಾಸು, ಮಣ್ಣು, ಮರ ಹಿಡಿದುಕೊಂಡರು. ನನ್ನ ಪಾಲಿಗೆ ವಿಡಿಯೊ. ಜನ ಬಂದು, ಕೂಗಿ, ಕೂತು, ಎದ್ದು ಹೋದ ಮೇಲೆ ಊರಿನ ಮೈಮೇಲೆ ಏನು ಉಳಿಯುತ್ತದೆ ಅನ್ನುವುದನ್ನು ತೋರಿಸುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ.

ಕ್ಯಾಮೆರಾ ನನ್ನದಲ್ಲ. ವಿದ್ಯಾನಗರದಲ್ಲಿ ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ ನಡೆಸುತ್ತಿದ್ದವರದ್ದು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಮುಹೂರ್ತವಿಲ್ಲದ ದಿನ ಕ್ಯಾಮೆರಾ ನನ್ನ ಕೈಗೆ ಬರುತ್ತಿತ್ತು. ಅದಕ್ಕೆ ಬದಲಾಗಿ ಅವರ ಧಾರೆ, ಆರತಕ್ಷತೆಗಳನ್ನು ಕಂಪ್ಯೂಟರಿನ ಮುಂದೆ ಕೂತು ಎಡಿಟ್ ಮಾಡಿಕೊಡುತ್ತಿದ್ದೆ. ನನ್ನ ತೂತುಗಳನ್ನು ಅವರು ತಾಳ್ಮೆಯಿಂದ ಕೊನೆಯವರೆಗೂ ನೋಡಿದರು.

"ಚೆನ್ನಾಗಿದೆ ಮಾರಾಯ್ತಿ," ಅಂದರು. "ಆದ್ರೆ ರಸ್ತೆ ರಿಪೇರಿಯೋರು ಸರ್ವೆ ಮಾಡ್ದಂಗಿದೆ."

ಸಿಟ್ಟು ಬಂತು. ಆದರೆ ಅವರ ಮಾತು ಸರಿಯಾಗಿತ್ತು. ತೂತಿನಲ್ಲಿ ಏನೂ ನಡೆಯುತ್ತಿರಲಿಲ್ಲ. ಅಲುಗಾಡದ್ದನ್ನು ತೋರಿಸಲು ಫೋಟೊ ಸಾಕು. ವಿಡಿಯೊ ಅಂದಮೇಲೆ, ಎಷ್ಟೇ ನಿಧಾನವಾಗಿಯಾದರೂ ಸರಿ, ಏನಾದರೊಂದು ಆಗುತ್ತಿರಬೇಕು.

ಹಾಗೆ ಹುಡುಕುತ್ತಾ ಭದ್ರಾವತಿಗೆ ಹೋಗಿ ಬರಲು ಶುರುಮಾಡಿದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ನಿದ್ದೆ. ಎಚ್ಚರಾದರೆ ಕಾರ್ಖಾನೆಯ ಊರಿನ ವಾಸನೆ. ಎಲ್ಲಿ ನಿದ್ದೆ ಮುಗಿದು ಎಲ್ಲಿ ಊರು ಶುರುವಾಯಿತು ಎಂದು ಎಷ್ಟೋ ಸಲ ತಿಳಿಯುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ, ಬಾಗಿಲು ಮುಚ್ಚಿದ್ದ ಒಂದು ಖಾಸಗಿ ಫೌಂಡ್ರಿಯ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದೆ. ಫೌಂಡ್ರಿಯೆಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ. ಹಿಂದೆ ಅಲ್ಲಿ ದೊಡ್ಡ ಮುಷ್ಕರ ನಡೆದಿತ್ತೆಂದು ಕೇಳಿ ಬಂದಿದ್ದೆ. ನೋಡಿದರೆ ಏನೂ ಇಲ್ಲ. ರಸ್ತೆಯುದ್ದಕ್ಕೂ ಸುಣ್ಣ ಬಳಿದ ಉದ್ದನೆಯ ಬಿಳಿ ಕಾಂಪೌಂಡು, ತುಕ್ಕು ಹಿಡಿದ ಗೇಟು, ಗೇಟಿನೊಳಗೆ ಕುರ್ಚಿಯಲ್ಲಿ ತೂಕಡಿಸುವ ಕಾವಲುಗಾರ.

ಆಗ ಬೇಸಿಗೆಯ ಮೊದಲ ಮಳೆ ಬಂತು. ಗುಡುಗಿಲ್ಲದ, ದೊಡ್ಡ ದೊಡ್ಡ ಹನಿಯ ಮಳೆ. ಟೀ ಲೋಟ ಹಿಡಿದುಕೊಂಡು ನಾನು ಎದುರಿನ ಗೋಡೆಯನ್ನೇ ನೋಡುತ್ತಿದ್ದೆ. ಗೋಡೆ ನೆನೆಯಿತು. ನೆನೆದ ಜಾಗ ಬೂದಿ ಬಣ್ಣಕ್ಕೆ ತಿರುಗಿತು. ಆ ಬೂದಿಯ ಒಳಗಿನಿಂದ, ನೀರಿನ ತಳದಿಂದ ಮೀನು ಮೇಲೆ ಬಂದ ಹಾಗೆ, ಕೆಂಪು ಅಕ್ಷರಗಳು ಮೇಲೆ ಬಂದವು. ಮೊದಲು ಒಂದು ಕೊಂಬು, ಆಮೇಲೊಂದು ದೀರ್ಘ. ಸ್ವಲ್ಪ ಹೊತ್ತಿಗೆ ಸಾಲಿಗೆ ಸಾಲೇ ಓದಲು ಬರುತ್ತಿತ್ತು. ಬೇಡಿಕೆ ಈಡೇರುವವರೆಗೂ ಹೋರಾಟ. ಮಕ್ಕಳ ಅನ್ನ ಕಸಿಯಬೇಡಿ. ನಾನು ಕ್ಯಾಮೆರಾದ ಚೀಲ ಬಿಚ್ಚಿ, ಲೆನ್ಸಿನ ಮಂಜು ಒರೆಸಿ, ಕಣ್ಣಿಗೆ ಹಿಡಿಯುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಂದಿತ್ತು. ನನಗೆ ಸಿಕ್ಕಿದ್ದು ಅಕ್ಷರಗಳು ವಾಪಸು ಹೋಗುವುದರ ಕೊನೆಯ ಚೂರು ಮಾತ್ರ. ಗೋಡೆ ಮತ್ತೆ ಬೆಳ್ಳಗಾಯಿತು.

ಹಿಂದಿರುಗುವ ಬಸ್ಸಿನಲ್ಲಿ, ಅದು ನನಗೆ ಬಿದ್ದ ಕನಸೇನೋ ಅನ್ನಿಸಿತು. ಅಣ್ಣನ ಸ್ಟುಡಿಯೊದಲ್ಲಿ ಟೇಪು ಹಾಕಿ ನೋಡಿದ ಮೇಲೆಯೇ ನಂಬಿಕೆ ಬಂದದ್ದು.

"ಸುಣ್ಣ ಹಸಿಯಾದ್ರೆ ಗಾಜಿನ ಹಂಗೆ," ಅಂದರು ಅಣ್ಣ. "ಒಳಗಿರೋದು ಕಾಣುತ್ತೆ. ಒಣಗಿದ್ರೆ ಮುಚ್ಕೊಳುತ್ತೆ. ನಮ್ಮನೆ ಗೋಡೇಲಿ ನಾನು ಚಿಕ್ಕೋನಿದ್ದಾಗ ಬರೆದ ಆನೆ ಹಿಂಗೇ ಬರ್ತಿತ್ತು, ಹೋಗ್ತಿತ್ತು."

ಮತ್ತೆ ಮಳೆ ಬರಲಿಲ್ಲ. ಪ್ರದರ್ಶನಕ್ಕೆ ಇದ್ದದ್ದು ಕೆಲವೇ ವಾರ. ಗೋಡೆಯನ್ನು ನಾನೇ ನೆನೆಸಬೇಕಾಯಿತು. ಕಾವಲುಗಾರರು ಒಪ್ಪಿದರು; ಗೋಡೆ ಒಡೆಯದಿದ್ದರೆ ಸರಿ ಎಂದಷ್ಟೇ ಹೇಳಿ ಮತ್ತೆ ಕುರ್ಚಿಗೆ ಹೋದರು.

ಮೊದಲು ಬಕೆಟ್ಟಿನಲ್ಲಿ ಎರಚಿ ನೋಡಿದೆ. ನೀರು ಜಡೆಜಡೆಯಾಗಿ ಇಳಿದು, ಅಕ್ಷರದ ಕಾಲು ಮಾತ್ರ ಕಂಡು ತಲೆ ಕಾಣುತ್ತಿರಲಿಲ್ಲ. ಟೀ ಅಂಗಡಿಯ ನಲ್ಲಿಗೆ ಪೈಪು ಹಾಕಿ ಹೊಡೆದೆ. ಆ ರಭಸಕ್ಕೆ ಸುಣ್ಣ ಹೊಪ್ಪಳೆಯಾಗಿ ಎದ್ದು, ಅದಕ್ಕಂಟಿಕೊಂಡಿದ್ದ ಕೆಂಪೂ ಎದ್ದುಬಂತು. 'ಹೋರಾಟ'ದ ಒಂದಕ್ಷರ ಆ ದಿನ ಚರಂಡಿಗೆ ಹೋಯಿತು. ಕೊನೆಗೆ ಗದ್ದೆಗೆ ಔಷಧಿ ಹೊಡೆಯುವ ಬೆನ್ನಿನ ಪಂಪೊಂದನ್ನು ಅಣ್ಣ ತಮ್ಮ ಭಾವಮೈದುನನಿಂದ ತರಿಸಿಕೊಟ್ಟರು. ಔಷಧಿಯ ನಾತ ಹೋಗುವ ತನಕ ಅದನ್ನು ಸೋಪು ಹಾಕಿ ತೊಳೆದೆ. ಅದರ ಸಣ್ಣ ಹನಿ ಗೋಡೆಗೆ ಮಂಜಿನ ಹಾಗೆ ಕೂರುತ್ತಿತ್ತು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಆತುರವಿಲ್ಲದೆ ಹೊಡೆದರೆ ಅಕ್ಷರಗಳು ಒಂದರ ಹಿಂದೊಂದು ಎಚ್ಚರಾಗುತ್ತಿದ್ದವು.

ಕ್ಯಾಮೆರಾ ಬೇರೆ ಥರ ಕಾಡಿತು. ಅದನ್ನು ಆಟೊ ಮೋಡಿನಲ್ಲಿ ಬಿಟ್ಟರೆ, ಗೋಡೆ ನೆನೆದು ಕಪ್ಪಾದಂತೆ ಅದು ತನ್ನಷ್ಟಕ್ಕೆ ಹೆಚ್ಚು ಬೆಳಕು ಒಳಗೆ ಬಿಟ್ಟುಕೊಂಡು ಎಲ್ಲವನ್ನೂ ಸಮ ಮಾಡಿಬಿಡುತ್ತಿತ್ತು. ಕಣ್ಣಿಗೆ ಕಂಡ ಬದಲಾವಣೆ ಟೇಪಿನಲ್ಲಿ ಇರುತ್ತಿರಲಿಲ್ಲ. ಒಣ ಗೋಡೆಗೆ ಬೆಳಕಿನ ಅಳತೆ ಇಟ್ಟು ಬೀಗ ಹಾಕಬೇಕು, ಬಿಳಿ ಬಣ್ಣದ ಅಳತೆಗೂ ಬೀಗ ಹಾಕಬೇಕು, ಆಮೇಲೆ ಕೈ ಹಚ್ಚಬಾರದು. ಇಷ್ಟು ಕಲಿಯುವುದರಲ್ಲಿ ಸುಮಾರು ಟೇಪು ಹಾಳಾದವು. ಗೋಡೆ ಪೂರ್ವಕ್ಕೆ ಮುಖ ಮಾಡಿತ್ತು. ಬೆಳಗಿನ ಬಿಸಿಲಷ್ಟೇ ಅದಕ್ಕೆ ನೇರ. ಬೆಳಗಿನ ಮೊದಲ ಬಸ್ಸಿಗೆ ಹೋಗುವುದು ರೂಢಿಯಾಯಿತು. ನದಿಯ ಮೇಲೆ ಮಂಜು ಇರುತ್ತಿತ್ತು, ನನ್ನ ಕಣ್ಣಿನಲ್ಲಿ ನಿದ್ದೆ ಇರುತ್ತಿತ್ತು. ನೀರು ಹೊಡೆದು, ಟ್ರೈಪಾಡಿನ ಪಕ್ಕ ಕೂತು, ಅಕ್ಷರ ಮರೆಯಾಗುವುದನ್ನು ಕಾಯುತ್ತಿದ್ದೆ. ಕಾಯುತ್ತಾ ಕಾಯುತ್ತಾ, ಗೋಡೆ ಒಣಗುತ್ತಿದೆಯೋ ನನಗೆ ಕಣ್ಣು ಮುಚ್ಚುತ್ತಿದೆಯೋ ಹೇಳುವುದು ಕಷ್ಟವಾಗುತ್ತಿತ್ತು.

ಟೀ ಅಂಗಡಿಯ ಹೆಂಗಸು ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ. ಮೊದಲ ದಿನಗಳಲ್ಲಿ ನನ್ನನ್ನು ನೋಡಿ ನಗುತ್ತಿದ್ದರು. "ಮೇಡಂ, ಗೋಡೆಗೆ ಸ್ನಾನ ಆಯ್ತಾ?" ಎಂದು ಕೇಳಿ ಟೀ ಕೊಡುತ್ತಿದ್ದರು. ಅವರ ಗಂಡ ಈ ಫೌಂಡ್ರಿಯಲ್ಲೇ ಕೆಲಸ ಮಾಡಿ ತೀರಿಹೋದವರು.

ಗೋಡೆಯ ಉದ್ದಕ್ಕೂ ಸಾಗುತ್ತಾ ಸಾಗುತ್ತಾ ಸಣ್ಣ ಗೇಟಿನ ಪಕ್ಕದ ತುದಿಗೆ ಬಂದೆ. ಅಲ್ಲಿ ಹನಿ ಹೊಡೆದಾಗ ಮೇಲೆದ್ದದ್ದು ಘೋಷಣೆಯಲ್ಲ. ಎರಡೇ ಸಾಲು. ಮೇಲೆ ಕನ್ನಡ ಲಿಪಿಯಲ್ಲಿ 'ಕರುಂಗಾಲಿ' ಎಂದಿತ್ತು. ಕೆಳಗೆ, ಎದೆಯ ಮಟ್ಟಕ್ಕೆ, ಒಬ್ಬರ ಹೆಸರು, ಇನಿಶಿಯಲ್ ಸಮೇತ. ಉಳಿದೆಲ್ಲಕ್ಕಿಂತ ದೊಡ್ಡ ಅಕ್ಷರ. ಬರೆದವರ ಕೈ ನಡುಗಿರಲಿಲ್ಲ. ನಾನು ಟೇಪು ಓಡಿಸಿದೆ. ಒಣಗಿತು. ಸ್ವಲ್ಪ ಅಲುಗಾಡಿದಂತೆ ಅನ್ನಿಸಿ, ಮರುದಿನ ಮತ್ತೊಮ್ಮೆ ಹೊಡೆದೆ.

ಆಗ ಅಂಗಡಿಯ ಅಕ್ಕ ರಸ್ತೆ ದಾಟಿ ಬಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ಇದಕ್ಕೆ ಮಾತ್ರ ನೀರು ಹಾಕ್ಬೇಡಿ ಮೇಡಂ."

"ಯಾಕಕ್ಕ? ಯಾರು ಇವರು?"

"ಹಿಂದಿನ ಬೀದೀಲಿ ಇದಾರೆ. ಇನ್ನೂ ಇದಾರೆ. ದಿನಾ ನಮ್ಮಂಗಡೀಲೇ ಟೀ ಕುಡಿಯೋದು."

ಅವರು ಹೇಳಿದ್ದು ಇಷ್ಟು. ಎಲ್ಲರೂ ಗೇಟಿನ ಹೊರಗೆ ಕೂತಿದ್ದಾಗ ಕೆಲವರು ಒಳಗೆ ಹೋಗಿ ಕೆಲಸ ಮಾಡಿದರು. ಹಾಗೆ ಮುಷ್ಕರ ಮುರಿದವನಿಗೆ ತಮಿಳಿನಲ್ಲಿ ಕರುಂಗಾಲಿ ಅನ್ನುತ್ತಾರೆ. ಅವರಲ್ಲಿ ಮೊದಲು ಒಳಗೆ ಕಾಲಿಟ್ಟವರು ಇವರು, ಕುಲುಮೆಯ ಕೆಲಸದವರು. ಆಮೇಲೆ ಮುಷ್ಕರ ಮುರಿದುಬಿತ್ತು, ಕೆಲವು ವರ್ಷಕ್ಕೆ ಫೌಂಡ್ರಿಯೂ ಮುಚ್ಚಿತು. ಹೆಸರು ಮಾತ್ರ ಗೋಡೆಯ ಮೇಲೆ ಹಾಗೇ ಇತ್ತು. ಬೀದಿಯಲ್ಲಿ ಅವರೊಂದಿಗೆ ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ.

"ಅವರ ಮಗಳ ಮದುವೆ ಗೊತ್ತಾಯ್ತು," ಅಂದರು ಅಕ್ಕ. "ಗಂಡಿನ ಕಡೆಯೋರು ಇದೇ ರಸ್ತೇಲಿ ಬರ್ಬೇಕು. ಹಿಂದಿನ ದಿನ ನಮ್ಮೆಜಮಾನ್ರು, ಇನ್ನೂ ನಾಕಾರು ಜನ, ಎಲ್ಲ ಸ್ಟ್ರೈಕಲ್ಲಿ ಕೂತಿದ್ದೋರೇ, ಸುಣ್ಣ ಕಲಸ್ಕೊಂಡು ಬಂದು ಗೋಡೆ ಪೂರ್ತಿ ಹೊಡೆದ್ರು. ಅದೊಂದನ್ನೇ ಅಳಿಸಿದ್ರೆ ಎದ್ದು ಕಾಣುತ್ತೆ ಅಂತ ಪೂರ್ತಿ ಹೊಡೆದ್ರು. ಯಾರೂ ಯಾರಿಗೂ ಏನೂ ಹೇಳ್ಲಿಲ್ಲ."

ಇಷ್ಟು ದಿನ ನಾನು ಸುಣ್ಣವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದು ಬರೀ ಅಡ್ಡಿ, ಚಳವಳಿಯ ಗುರುತನ್ನು ಮುಚ್ಚಿದ ಯಾರದೋ ಕೈ ಅಂದುಕೊಂಡಿದ್ದೆ.

"ನೋಡಿ," ಎಂದು ಅಕ್ಕ ಬೆರಳು ತೋರಿಸಿದರು. "ನಿನ್ನೆ ಹಾಕಿದ ನೀರು ಒಣಗಿದ ಮೇಲೂ ಬೆಳಿಗ್ಗೆ ಇದು ಸ್ವಲ್ಪ ಕಾಣ್ತಿತ್ತು. ಮೊದ್ಲು ಹಂಗಿರ್ಲಿಲ್ಲ."

ನಿಂತು ಕಾದೆ. ಗೋಡೆ ಒಣಗಿತು. ಅವರು ಹೇಳಿದ್ದು ನಿಜ. ಒಂದೊಂದು ಸಲ ನೆನೆದಾಗಲೂ ಹಳೆಯ ಸುಣ್ಣ ಒಂದಿಷ್ಟು ಕರಗಿ ಇಳಿಯುತ್ತಿತ್ತು. ಇಲ್ಲಿ ಅದು ಮೊದಲೇ ತೆಳುವಾಗಿತ್ತು. ಬಿಳುಪಿನ ಅಡಿಯಲ್ಲಿ ತಿಳಿ ಗುಲಾಬಿ ಬಣ್ಣದಲ್ಲಿ ಹೆಸರು ಉಳಿದುಕೊಂಡಿತ್ತು, ನಿದ್ದೆಗಣ್ಣಿನಲ್ಲಿ ಓದಿದ ಹಾಗೆ. ಗೊತ್ತಿದ್ದವರಿಗೆ ಕಾಣುತ್ತಿತ್ತು. ಆ ಬೀದಿಯಲ್ಲಿ ಗೊತ್ತಿಲ್ಲದವರು ಯಾರಿದ್ದರು?

ಮರುದಿನ ಕ್ಯಾಮೆರಾ ಒಯ್ಯಲಿಲ್ಲ. ಆ ತುದಿಯ ಟೇಪನ್ನು ಬಳಸುವುದಿಲ್ಲ ಎಂದು ಅಕ್ಕನಿಗೆ ಹೇಳಿ, ಅಷ್ಟು ಜಾಗಕ್ಕೆ ಹೊಸ ಸುಣ್ಣ ಹೊಡೆಸಿ ಬರುವುದೆಂದು ಹೋದೆ. ಅಂಗಡಿಯ ಬೆಂಚಿನ ಮೇಲೆ ಒಬ್ಬ ಮುದುಕರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಿಳಿ ಪಂಚೆ, ಪಾದದ ಮೇಲೆಲ್ಲ ಸಣ್ಣ ಸಣ್ಣ ಸುಟ್ಟ ಕಲೆ. ಅಕ್ಕ ನನ್ನ ಕಡೆ ನೋಡದೆ ಲೋಟ ತೊಳೆಯತೊಡಗಿದರು. ಅದರಿಂದಲೇ ಅವರು ಯಾರೆಂದು ಗೊತ್ತಾಯಿತು.

"ನನ್ನ ಹೆಸರು ವಿಡಿಯೊ ಮಾಡ್ತಿದೀರಂತೆ," ಅಂದರು.

"ಇಲ್ಲ ಯಜಮಾನ್ರೆ. ಗೊತ್ತಿಲ್ದೆ ಮಾಡಿದ್ದು. ಅದನ್ನ ಎಲ್ಲೂ ತೋರಿಸಲ್ಲ. ಇವತ್ತು ಸುಣ್ಣ ಹೊಡೆಸ್ತೀನಿ."

ಅವರು ಟೀ ಮುಗಿಸಿದರು. ಲೋಟ ಕೆಳಗಿಟ್ಟರು.

"ನಾನದನ್ನ ನೋಡೇ ಇಲ್ಲ," ಅಂದರು.

ನನಗೆ ಅರ್ಥವಾಗಲಿಲ್ಲ.

"ಬರ್ದಿದಾರೆ ಅಂತ ಗೊತ್ತಾದ ದಿನದಿಂದ ಈ ರಸ್ತೆಗೇ ಬರ್ತಿರ್ಲಿಲ್ಲ. ಕೆಲಸಕ್ಕೂ ನೀರಿನ ಚಾನೆಲ್ ಏರಿ ಮೇಲೆ ಸುತ್ಕೊಂಡು ಹೋಗಿ ಆಚೆ ಕಡೆ ದೊಡ್ಡ ಗೇಟಿಂದ ಒಳಗೆ ಹೋಗ್ತಿದ್ದೆ. ಮಗಳ ಮದುವೆ ದಿನಾನೇ ಮತ್ತೆ ಈ ರಸ್ತೆಗೆ ಬಂದಿದ್ದು. ಅಷ್ಟೊತ್ತಿಗೆ ಬೆಳ್ಳಗಾಗಿತ್ತು. ಮಳೆ ಬಂದ ದಿನ ಈ ಕಡೆ ಬರಲ್ಲ." ಅವರು ಗೋಡೆಯ ಕಡೆ ತಿರುಗಲಿಲ್ಲ. "ಊರೋರೆಲ್ಲ ಓದಿದಾರೆ. ನಾನೊಬ್ಬನೇ ಓದಿಲ್ಲ. ಮುಚ್ಚೋಕೆ ಮುಂಚೆ ಒಂದ್ಸಲ ತೋರಿಸ್ತೀರಾ?"

ಯಾಕೆ ಒಳಗೆ ಹೋದಿರಿ ಎಂದು ನಾನು ಕೇಳಲಿಲ್ಲ. ಆದರೂ ನನ್ನ ಮುಖದಲ್ಲಿ ಆ ಪ್ರಶ್ನೆ ಇತ್ತೇನೋ.

"ಕಾರಣ ಕೇಳ್ಬೇಡಿ," ಅಂದರು. "ಕಾರಣ ಹೇಳಿ ಹೇಳಿ ನಾನೂ ಅದಕ್ಕೆ ಬೇಕಾದಷ್ಟು ಸುಣ್ಣ ಹೊಡ್ದಿದೀನಿ."

ಅಕ್ಕ ಲೋಟ ತೊಳೆಯುವುದನ್ನು ನಿಲ್ಲಿಸಿದ್ದರು.

ತೋರಿಸಬೇಕೆಂದರೆ ನೆನೆಸಬೇಕು. ನೆನೆಸಿದರೆ ಉಳಿದ ಸುಣ್ಣವೂ ಹೋಗುತ್ತದೆ. ಆಮೇಲೆ ಹೆಸರು ಹಗಲಿಡೀ ಕಾಣುತ್ತದೆ. ಅದನ್ನೇ ಯೋಚಿಸುತ್ತಾ ವಾಪಸು ಬಸ್ಸು ಹತ್ತಿದೆ. ಅಣ್ಣನ ಸ್ಟುಡಿಯೊದ ಹಿಂದೆ, ಗೋಡೆಗೆ ಬಳಿಯುವುದಕ್ಕೆಂದು ಅವರು ಸುಣ್ಣ ಅರಳಿಸಿ ಇಟ್ಟಿದ್ದರು. ಅದನ್ನೊಂದು ಡಬ್ಬಿಗೆ ತುಂಬಿಸಿಕೊಳ್ಳುವಾಗ ಸ್ವಲ್ಪ ಚೆಲ್ಲಿ ಒಂದು ಹಳೆಯ ಕರಪತ್ರದ ಮೇಲೆ ಬಿತ್ತು. ಒರೆಸಲು ಬಗ್ಗಿದವಳು ಹಾಗೇ ನಿಂತೆ. ಹಸಿ ಸುಣ್ಣದ ಕೆಳಗೆ ಕರಪತ್ರದ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನೋಡನೋಡುತ್ತಾ ಅವು ಬೆಳ್ಳಗಾಗಿ ಮುಳುಗಿದವು.

ನೀರು ಬೇಕಿರಲಿಲ್ಲ. ಸುಣ್ಣವನ್ನೇ ತೆಳ್ಳಗೆ ಕಲಸಿ ಹೊಡೆದರೆ ಆಯಿತು. ಹಸಿ ಇರುವಷ್ಟು ಹೊತ್ತು ಹೆಸರು ಕಾಣುತ್ತದೆ, ಅವರು ಓದಬಹುದು. ಒಣಗಿದಾಗ ಮೊದಲಿಗಿಂತ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ನೋಡುವುದೂ ಮುಚ್ಚುವುದೂ ಒಂದೇ ಕೆಲಸ. ಅಲ್ಲೇ ಇನ್ನೊಂದು ತೀರ್ಮಾನವೂ ಆಯಿತು. ಇಷ್ಟು ದಿನ ತೆಗೆದ ಘೋಷಣೆಗಳನ್ನೆಲ್ಲ ಬಿಟ್ಟುಬಿಡಬೇಕು. ಅವರು ಒಪ್ಪಿದರೆ ಇದೊಂದೇ ಶಾಟ್, ಎಲ್ಲೂ ಕತ್ತರಿಸದೆ. ಒಪ್ಪದಿದ್ದರೆ ಪ್ರದರ್ಶನಕ್ಕೆ ನನ್ನ ಕಡೆಯಿಂದ ಏನೂ ಇಲ್ಲ.

"ಏನೂ ಇಲ್ಲ ಅಂದ್ರೆ?" ಎಂದು ಅಣ್ಣ ಕೇಳಿದರು.

"ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅಣ್ಣ."

ಅವರು ಎದ್ದು ಕ್ಯಾಮೆರಾದ ಚೀಲ ಕೊಟ್ಟು, "ಟ್ರೈಪಾಡು ಹೊಸದು ತಗೊಂಡೋಗು. ಹಳೇದು ಅಲ್ಲಾಡುತ್ತೆ," ಅಂದರು.

ಮುಂದಿನ ಬಿಸಿಲಿನ ಬೆಳಿಗ್ಗೆ ಮೂವರೂ ಗೋಡೆಯ ಹತ್ತಿರ ಸೇರಿದೆವು. ಮುದುಕರು ಅದೇ ಇಸ್ತ್ರಿಯ ಅಂಗಿಯಲ್ಲಿದ್ದರು. ವಿಡಿಯೊದ ಮಾತೆತ್ತಿದಾಗ ಅಂಗಿಯ ಕಾಲರು ಸರಿಮಾಡಿಕೊಂಡರು.

"ಮುಖ ಬೇಡ," ಅಂದರು. "ಬೆನ್ನು ಬೇಕಾದ್ರೆ ತಗೊಳ್ಳಿ. ಹೆಸರು ಬೇಡ."

ಹೆಸರಿಲ್ಲದೆ ಹೆಸರನ್ನು ತೆಗೆಯುವುದು ಹೇಗೆ? ಅಂಗಡಿಯಿಂದ ಸ್ಟೂಲು ತಂದು ಗೋಡೆಯ ಮುಂದಿಟ್ಟು ಅವರನ್ನು ಕೂರಿಸಿದೆ. ರಸ್ತೆಯ ಅಂಚಿನಲ್ಲಿ ಟ್ರೈಪಾಡಿನ ಕಾಲು ತಗ್ಗಿಸುತ್ತಾ ಹೋದೆ, ಅವರ ತಲೆ ಮತ್ತು ಭುಜ ಹೆಸರಿನ ಸಾಲಿಗೆ ಸರಿಯಾಗಿ ಅಡ್ಡ ಬರುವವರೆಗೆ. ಆಗ ಕ್ಯಾಮೆರಾಕ್ಕೆ ಕಂಡದ್ದು ಒಂದು ಬಿಳಿ ಗೋಡೆ, ಒಂದು ಬೆನ್ನು. ಹೆಸರು ಅವರಿಗೆ ಮಾತ್ರ ಕಾಣುವ ಹಾಗಿತ್ತು.

ಸುಣ್ಣದ ಬಕೆಟ್ಟು ಎತ್ತಿಕೊಂಡಾಗ, "ನೀವೇ ಹೊಡೀತೀರಾ ಯಜಮಾನ್ರೆ?" ಎಂದು ಕೇಳಿದೆ.

"ಬೇಡ. ನಾನೇ ಹೊಡೆದ್ರೆ ಬಚ್ಚಿಟ್ಟಂಗಾಗುತ್ತೆ."

ಅಂಗಡಿಯ ಅಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಕೈಯಿಂದ ಬ್ರಷ್ಷು ತೆಗೆದುಕೊಂಡರು. ಅವರೂ ಮುದುಕರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಕ್ಕ ಮೇಲಿನ ಸಾಲಿನಿಂದ ಶುರುಮಾಡಿ ಒಂದೇ ಸಮನೆ ಎಳೆಯುತ್ತಾ ಕೆಳಗೆ ಬಂದರು. ಬ್ರಷ್ಷು ಹಾದುಹೋದ ಕಡೆಯೆಲ್ಲ ಕೆಂಪು ಎದ್ದು ಬಂತು, ನೀರಿನಲ್ಲಿ ಬಂದದ್ದಕ್ಕಿಂತ ಗಾಢವಾಗಿ. ಕೆಲಸ ಮುಗಿಸಿ ಅಕ್ಕ ಚೌಕಟ್ಟಿನಿಂದ ಆಚೆ ಸರಿದರು. ನಾನು ಬೆಳಕಿಗೆ ಬೀಗ ಹಾಕಿ ಟೇಪು ಬಿಟ್ಟೆ.

ಮುದುಕರು ಓದಿದರು. ಓದುವುದು ಬೆನ್ನಿನಲ್ಲೂ ಗೊತ್ತಾಗುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಕತ್ತು ಎಡದಿಂದ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು. ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ.

"ಇನಿಶಿಯಲ್ ತಪ್ಪು," ಅಂದರು ತಿರುಗದೆ. ಅವರು ನಗುತ್ತಿದ್ದರು. "ನಂದು ಡಿ. ಇವ್ರು ಟಿ ಹಾಕಿದಾರೆ. ಇದಕ್ಕೋಸ್ಕರ ಅಷ್ಟು ವರ್ಷ ಸುತ್ತಿ ಹೋದೆ ನೋಡಿ."

ಪಕ್ಕದಲ್ಲಿ ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡರು. "ನಮ್ಮೆಜಮಾನ್ರು ಬರೆದಿದ್ದಲ್ಲ ಅದು," ಅಂದರು. "ಅವರಿಗೆ ಬರೆಯೋಕೇ ಬರ್ತಿರ್ಲಿಲ್ಲ."

ಬಿಸಿಲು ಏರಿತು. ಒಂದು ಸೈಕಲ್ಲು ನಮ್ಮ ಚೌಕಟ್ಟನ್ನು ದಾಟಿಹೋಯಿತು. ಒಂದು ಕರು ಬಂದು ಸುಣ್ಣದ ವಾಸನೆ ನೋಡಿ ಹೋಯಿತು. ಗೋಡೆಯ ಮೇಲಂಚಿನಿಂದ ಬಿಳುಪು ಇಳಿಯತೊಡಗಿತು. ಕರುಂಗಾಲಿ ಎಂಬ ಮಾತಿನ ಒಂದೊಂದೇ ಅಕ್ಷರ ಹಾಲಿನೊಳಗೆ ಹೋದ ಹಾಗೆ ಹೋಯಿತು. ಅವರು ಕದಲಲಿಲ್ಲ. ನಾನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಎಲ್ಲೋ ದೂರದ ಕಾರ್ಖಾನೆಯ ಸೈರನ್ ಕೂಗಿದ್ದು ಟೇಪಿನಲ್ಲಿ ಇದೆ. ಆವತ್ತು ನನ್ನ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಕ್ಯಾಮೆರಾಕ್ಕೆ ಕಾಣುತ್ತಿದ್ದಷ್ಟು ಗೋಡೆ ಪೂರ್ತಿ ಬೆಳ್ಳಗಾದ ಮೇಲೆ ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಎಡಕ್ಕೆ ನಡೆದು ಚೌಕಟ್ಟಿನಿಂದ ಹೊರಗೆ ಹೋದರು. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದ ಒಂದು ಸಂಗತಿ ಆಗ ಕಾಣಿಸಿತು. ಬೆಳಗಿನ ಬಿಸಿಲಿಗೆ ಅವರ ನೆರಳು ಅಷ್ಟು ಹೊತ್ತೂ ಗೋಡೆಯ ಮೇಲೆ ಬಿದ್ದಿತ್ತು. ನೆರಳಿದ್ದಲ್ಲಿ ಸುಣ್ಣ ಒಣಗಿರಲಿಲ್ಲ. ಸುತ್ತ ಎಲ್ಲ ಬಿಳಿ. ನಡುವೆ, ಅಂಚು ಕಲಸಿಹೋದ, ಕೂತ ಮನುಷ್ಯನ ಆಕಾರದ ಹಸಿ ಮಚ್ಚೆ. ಅದರೊಳಗೆ ಅವರ ಹೆಸರಿನ ನಡುವಿನ ಎರಡಕ್ಷರ. ಓದಿದರೆ ಹೆಸರಾಗುವುದಿಲ್ಲ, ಬರೀ ಎರಡಕ್ಷರ. ಬಿಸಿಲು ತಾಗಿದ್ದೇ ತಡ, ಮನುಷ್ಯನ ಆಕಾರ ಅಂಚಿನಿಂದ ಕರಗುತ್ತಾ, ಸಣ್ಣದಾಗುತ್ತಾ, ಒಂದು ಅಂಗೈಯಷ್ಟಾಗಿ ಹೋಯಿತು. ಟೇಪು ಓಡುತ್ತಲೇ ಇತ್ತು.

ಅದನ್ನು ಇಟ್ಟುಕೊಳ್ಳಲೇ ಎಂದು ಅವರನ್ನು ಕೇಳಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತಿರುಗಿಸಿ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

"ಇರ್ಲಿ ಬಿಡಿ," ಅಂದರು. "ಎರಡಕ್ಷರಕ್ಕೆ ಯಾರು ಏನು ಮಾಡ್ತಾರೆ."

ಪ್ರದರ್ಶನ ನಡೆದದ್ದು ಶಿವಮೊಗ್ಗದ ಒಂದು ಶಾಲೆಯ ಸಭಾಂಗಣದಲ್ಲಿ. ಅಣ್ಣ ಮದುವೆಮನೆಗಳಿಗೆ ಒಯ್ಯುವ ತಮ್ಮ ಪ್ರೊಜೆಕ್ಟರನ್ನು ತಂದು, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಕೊಟ್ಟರು. ನನ್ನ ವಿಡಿಯೊದಲ್ಲಿ ಒಂದು ಬೆನ್ನು ಕೂತಿರುತ್ತಿತ್ತು, ಗೋಡೆ ಒಣಗುತ್ತಿತ್ತು. ಬಂದವರಲ್ಲಿ ಕೆಲವರು ನಿಂತು, ಇನ್ನೂ ಏನೋ ಆಗಬಹುದೆಂದು ಕಾದು, ಹೊರಟುಹೋದರು. ಹಳೆಯ ಹೋರಾಟಗಾರರೊಬ್ಬರು ಬೇಸರದಿಂದಲೇ ಕೇಳಿದರು: "ಘೋಷಣೆ ಎಲ್ಲಮ್ಮ? ಚಳವಳಿ ಅಂದ್ರೆ ಇಷ್ಟೇನಾ?" ಅವರು ಮಾತ್ರ ಕೊನೆಯವರೆಗೂ ಕೂತು ನೋಡಿದರು.

ಎರಡನೇ ದಿನ ಮಧ್ಯಾಹ್ನ, ಜನ ಇಲ್ಲದ ಹೊತ್ತಿನಲ್ಲಿ, ಇಪ್ಪತ್ತು ದಾಟಿದ ಒಬ್ಬ ಹೆಂಗಸು ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ವಿಡಿಯೊ ಮುಗಿದು ಮತ್ತೆ ಶುರುವಾಯಿತು. ಅವರು ಏಳಲಿಲ್ಲ. ಎರಡನೇ ಸಲ ಮುಗಿದ ಮೇಲೆ ನನ್ನ ಹತ್ತಿರ ಬಂದರು.

"ಅದು ನಮ್ಮಪ್ಪ," ಅಂದರು. "ನಾನು ಇಲ್ಲೇ ಗೋಪಾಳದಲ್ಲಿರೋದು. ನನ್ನ ಬೆನ್ನು ಟೀವೀಲಿ ಬರುತ್ತೆ, ಹೋಗಿ ನೋಡು ಅಂದ್ರು. ಯಾವ ಗೋಡೆ ಅಂತ ಹೇಳಿರ್ಲಿಲ್ಲ."

ಅವರೇ ಮುಂದುವರಿಸಿದರು.

"ಒಂದನೇ ಕ್ಲಾಸಲ್ಲಿ ನಂಗೆ ಆಗಷ್ಟೇ ಓದೋಕೆ ಬಂದಿತ್ತು. ಕಂಡಿದ್ದೆಲ್ಲ ಓದೋದು. ಆ ಗೋಡೆ ಮೇಲೆ ಅಪ್ಪನ ಹೆಸರು ಓದ್ಬಿಟ್ಟೆ. ಅಷ್ಟು ದೊಡ್ಡ ಅಕ್ಷರದಲ್ಲಿ ಅಪ್ಪನ ಹೆಸರು. ಮನೆಗೆ ಓಡಿ ಹೋಗಿ ಹೇಳ್ದೆ. ಅದರ ಮೇಲಿರೋ ಮಾತಿಗೆ ಅರ್ಥ ಏನಪ್ಪಾ ಅಂದೆ. ಅವ್ರು ಕಾಲು ಚಾಚಿ ತೋರಿಸಿ, ಕರಿ ಕಾಲಿನೋನು ಅಂತ, ಕುಲುಮೆ ಹತ್ರ ಕೆಲಸ ಮಾಡಿ ಮಾಡಿ ನನ್ನ ಕಾಲು ಕರ್ರಗಾಗಿದೆಯಲ್ಲ, ಅದಕ್ಕೆ ಹಂಗೆ ಬರ್ದಿದಾರೆ ಅಂದ್ರು. ನಾನು ಅವರ ಕಾಲು ನೋಡ್ದೆ. ನಿಜವಾಗ್ಲೂ ಕರ್ರಗಿತ್ತು. ಸ್ಕೂಲಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ."

"ಆಮೇಲೆ ಗೊತ್ತಾಯ್ತಾ?"

"ಹೈಸ್ಕೂಲಿಗೆ ಬಂದ ಮೇಲೆ. ಗೊತ್ತಾಗಿದೆ ಅಂತ ಅವ್ರಿಗೆ ಗೊತ್ತಿಲ್ಲ." ಅವರು ಪರದೆಯ ಕಡೆ ತಿರುಗಿದರು. ಅಲ್ಲಿ ಬೆನ್ನು ಮತ್ತೆ ಬಂದು ಕೂತಿತ್ತು. "ಅಷ್ಟೊತ್ತೂ ಅವ್ರು ಅಲ್ಲೇ ಕೂತಿದ್ರಾ? ಎದ್ದು ಹೋಗ್ಲಿಲ್ವಾ?"

"ಇಲ್ಲ. ಪೂರ್ತಿ ಒಣಗೋ ತನಕ ಕೂತಿದ್ರು."

ಅಷ್ಟರಲ್ಲಿ ಅವರ ಚೀಲದೊಳಗೆ ಮೊಬೈಲು ಹೊಡೆದುಕೊಂಡಿತು. ನಂಬರು ನೋಡಿ, "ಟೀ ಅಂಗಡಿಯಿಂದ ಮಾಡ್ತಿದಾರೆ," ಎಂದು ಬಾಗಿಲ ಬಟ್ಟೆ ಸರಿಸಿಕೊಂಡು ಜಗಲಿಗೆ ಹೋದರು. ಬಟ್ಟೆಯ ಸಂದಿಯಿಂದ ಒಂದು ಗೆರೆ ಬಿಸಿಲು ಒಳಗೆ ಬಂದು ಪರದೆಯ ಅಂಚಿಗೆ ಬಿತ್ತು. ನಾನು ಅದನ್ನು ಮುಚ್ಚಲು ಹೋದಾಗ ಅವರ ಮಾತು ಕೇಳಿಸಿತು.

"ಹ್ಞೂಂ ಅಪ್ಪ, ಬಂದಿದೀನಿ. ನೋಡ್ದೆ... ಚೆನ್ನಾಗಿ ಬಂದಿದೆ, ಇಸ್ತ್ರಿ ಅಂಗಿ ಎಲ್ಲ ಕಾಣುತ್ತೆ... ಇಲ್ಲ, ಬರೀ ಬೆನ್ನೇ... ಗೋಡೆನಾ?"

ಅವರು ಬಟ್ಟೆಯ ಸಂದಿಯಿಂದ ಪರದೆಯ ಕಡೆ ತಿರುಗಿ ನೋಡಿದರು.

"ಗೋಡೆ ಬೆಳ್ಳಗಿತ್ತಪ್ಪ. ಏನೂ ಇರ್ಲಿಲ್ಲ."